ಯಾರೂ ಒದೆಯದ ಒದೆ

ಫಿಸಿಯೋಥೆರಪಿಸ್ಟ್ ಎಂಬ ಪದ ನಮ್ಮ ಕಾಫಿ ಸೀಮೆಯಲ್ಲಿ ಯಾರ ನಾಲಿಗೆಯಲ್ಲೂ ಹೊರಳಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನನ್ನು ಡ್ರಿಲ್ ಟೀಚರ್ ಎಂದು ಕರೆದರು. ಆಮೇಲೆ ಆಸ್ಪತ್ರೆಗೆ ಒಂದು ಯಂತ್ರ ಬಂತು. ನೋಯುವ ಜಾಗಕ್ಕೆ ಪಟ್ಟಿ ಅಂಟಿಸಿ ಗುಂಡಿ ತಿರುಗಿಸಿದರೆ ಇರುವೆ ಹರಿದಂತೆ ಜುಮ್ಮೆನ್ನಿಸುವ ಯಂತ್ರ. ಅಂದಿನಿಂದ ನಿವೃತ್ತಿಯ ದಿನದವರೆಗೂ ನಾನು ಕರೆಂಟ್ ಮೇಡಂ. ಬೀಳ್ಕೊಡುಗೆ ಸಮಾರಂಭದಲ್ಲಿ ಊರಿನ ಹಿರಿಯರೊಬ್ಬರು, "ಇವರು ಇಷ್ಟು ವರ್ಷ ನಮಗೆ ತಪ್ಪದೆ ಕರೆಂಟು ಕೊಟ್ಟರು" ಎಂದಾಗ ಹಿಂದಿನ ಸಾಲಿನಲ್ಲಿದ್ದ ಕೆಲವರು ನಾನು ವಿದ್ಯುತ್ ಇಲಾಖೆಯವಳೆಂದು ತಿಳಿದು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಮ್ಮ ಕಡೆ ಆ ಇಲಾಖೆಯಲ್ಲಿ ಅಂಥವರು ಹಿಂದೆಂದೂ ಇರಲಿಲ್ಲ.

ಈಚೆಗೆ ಈ ಓದು ಮುಗಿಸಿದ ಮಕ್ಕಳು ಆಗಾಗ ಮನೆಗೆ ಬಂದು, "ಮೇಡಂ, ನಿಮ್ಮ ಅನುಭವ ಹೇಳಿ" ಎನ್ನುತ್ತಾರೆ. ಅವರ ಕೈಯಲ್ಲಿ ನನ್ನ ಕಾಲದಲ್ಲಿ ಇಲ್ಲದ ಎಷ್ಟೋ ಉಪಕರಣಗಳಿವೆ. ನನ್ನ ಹತ್ತಿರ ಇದ್ದದ್ದು ಸೊಳ್ಳೆಪರದೆಗಳ ದಾಸ್ತಾನಿನ ಪಕ್ಕದ ಒಂದು ಕೋಣೆ, ಒಂದು ಮಂಚ, ಗೋಡೆಗೆ ಹೊಡೆದ ಒಂದು ಅಡ್ಡಗಂಬಿ ಮತ್ತು ಆ ಯಂತ್ರ. ಆಸ್ಪತ್ರೆಯ ಹೆಸರು ಬೇಡ. ಅಲ್ಲಿದ್ದವರೆಲ್ಲ ಇನ್ನೂ ಸಂತೆಯಲ್ಲಿ ಎದುರು ಸಿಗುತ್ತಾರೆ.

ನಾನು ಮಾಡುತ್ತಿದ್ದ ಕೆಲಸದಲ್ಲಿ ಅತಿ ಕಡಿಮೆ ಪಾಲು ಆ ಯಂತ್ರದ್ದು. ಅದು ನೋವನ್ನು ಸ್ವಲ್ಪ ಹೊತ್ತು ಮರೆಸುತ್ತಿತ್ತು, ಅಷ್ಟೆ. ಗುಣವಾಗುವುದು ಮನೆಯಲ್ಲಿ ದಿನವೂ ಮಾಡಬೇಕಾದ ವ್ಯಾಯಾಮದಿಂದ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಆದರೆ ಮಳೆಗಾಲದಲ್ಲಿ ವಿದ್ಯುತ್ ಕೈಕೊಟ್ಟರೆ ಜನ ಕೋಣೆಯೊಳಗೆ ಇಣುಕಿ, "ಇವತ್ತು ಮೇಡಂ ಇಲ್ಲ" ಎಂದು ವಾಪಸು ಹೋಗುತ್ತಿದ್ದರು. ನಾನು ಬಾಗಿಲಲ್ಲೇ ನಿಂತಿರುತ್ತಿದ್ದೆ.

ವಿಧಾನಗಳು ಹೇಗೆ ಬದಲಾದವು ಎಂದೂ ಈ ಮಕ್ಕಳು ಕೇಳುತ್ತಾರೆ. ಮೊದಲು ನಾವು ಕಾಲು ಉಳುಕಿದವರಿಗೆಲ್ಲ ಮಂಜುಗಡ್ಡೆ ಇಡಿ, ಅಲುಗಾಡಬೇಡಿ ಎನ್ನುತ್ತಿದ್ದೆವು. ಊರಿನಲ್ಲಿ ಮಂಜುಗಡ್ಡೆ ಸಿಗುತ್ತಿದ್ದದ್ದು ಒಂದೇ ಕಡೆ, ಮಂಗಳೂರಿಂದ ಲಾರಿಯಲ್ಲಿ ಮೀನು ಬರುವ ಅಂಗಡಿಯಲ್ಲಿ. ಹಾಗಾಗಿ ನನ್ನ ರೋಗಿಗಳ ಕಾಲೆಲ್ಲ ಬಂಗುಡೆ ಮೀನಿನ ವಾಸನೆ. ಒಬ್ಬ ಸಸ್ಯಾಹಾರಿ ಅರ್ಚಕರು ಮೂಗು ಮುಚ್ಚಿಕೊಂಡು ಮಂಜು ಒತ್ತಿಕೊಂಡರು, ಆಮೇಲೆ ಮನೆಗೆ ಹೋಗಿ ಎರಡೆರಡು ಸಲ ಸ್ನಾನ ಮಾಡಿದರು. ವರ್ಷಗಳು ಕಳೆದ ಮೇಲೆ, ಗಾಯವಾದ ಮೊದಲ ದಿನಗಳ ಬಾವು ವಾಸಿಯಾಗುವುದರ ಮೊದಲ ಹೆಜ್ಜೆ, ಅದನ್ನು ಮಂಜಿನಿಂದ ಪೂರ್ತಿ ಅಡಗಿಸುವುದು ಅಷ್ಟೇನೂ ಒಳ್ಳೆಯದಲ್ಲ, ನೋವು ತಡೆಯುವಷ್ಟು ಬೇಗ ಮೆಲ್ಲಗೆ ಅಲುಗಾಡಿಸಿ ಎಂದು ಹೊಸ ಪುಸ್ತಕಗಳು ಹೇಳಿದವು. ಮಂಜು ಇಡಲು ಒಪ್ಪದೆ ನನ್ನಿಂದ ಬೈಸಿಕೊಂಡಿದ್ದವರೆಲ್ಲ ಕಣ್ಣ ಮುಂದೆ ಬಂದರು. ಅವರಿಗೆ ವಿಷಯ ತಿಳಿಸಲಿಲ್ಲ. ವೃತ್ತಿಯ ಗೌರವವನ್ನೂ ನೋಡಿಕೊಳ್ಳಬೇಕಲ್ಲ.

ಮೂಳೆ ಮುರಿದವರಿಗೆ ನಮ್ಮಲ್ಲಿ ತುಂಬ ಮರ್ಯಾದೆ. ಎಕ್ಸ್‌ರೇ ಇರುತ್ತದೆ, ಕಿಟಕಿಗೆ ಹಿಡಿದು ನೆಂಟರಿಗೆ ತೋರಿಸಬಹುದು. ಹರಿದದ್ದು ಮಾಂಸಖಂಡವೋ, ಮೂಳೆಗೆ ಮೂಳೆಯನ್ನು ಕಟ್ಟುವ ಪಟ್ಟಿಯೋ, ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿಯೋ ಆದರೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಜನ ಇವಕ್ಕೆಲ್ಲ ಒಟ್ಟಾಗಿ ಇಟ್ಟ ಹೆಸರು ನರ. "ಮೂಳೆಗೇನೂ ಆಗಿಲ್ಲ, ಬರೀ ನರ" ಎಂದು ಕೇಳಿದ ತಕ್ಷಣ ಮನೆಯವರು ರೋಗಿಯನ್ನು ಕಳ್ಳನ ಹಾಗೆ ನೋಡತೊಡಗುತ್ತಾರೆ.

ಜಾವಳಿ ಕಡೆಯ ಒಂದು ಎಸ್ಟೇಟಿನ ಯಜಮಾನಿ ಅಮ್ಮನವರು ಜೀಪಿನಿಂದ ಇಳಿಯುವಾಗ ಕಾಲು ಹೊರಳಿಸಿಕೊಂಡರು. ಅದೇ ಹಂಗಾಮಿನಲ್ಲಿ ಅವರದೇ ತೋಟದಲ್ಲಿ ಹಣ್ಣು ಕೊಯ್ಯುವ ಗಿರಿಜಾ ಇಳಿಜಾರಿನಲ್ಲಿ ಜಾರಿ ಅದೇ ರೀತಿ ಹೊರಳಿಸಿಕೊಂಡಳು. ಅಮ್ಮನವರು ಕಾಫಿ ಕೊಯ್ಲು ಮುಗಿಯುವವರೆಗೂ ಮಂಚ ಬಿಟ್ಟಿಳಿಯಲಿಲ್ಲ. ಗಿರಿಜಾ ಮರುದಿನವೇ ಬಟ್ಟೆ ಬಿಗಿದುಕೊಂಡು ಇಳಿಜಾರು ಹತ್ತಿದಳು. ಕೊನೆಗೆ ಇಬ್ಬರೂ ನನ್ನ ಕೋಣೆಯ ಹೊರಗಿನ ಒಂದೇ ಬೆಂಚಿನಲ್ಲಿ ಬಂದು ಕೂತರು. ಒಬ್ಬರ ಪಾದದ ಕೀಲು ಮರದಂತೆ ಗಟ್ಟಿ, ಇನ್ನೊಬ್ಬಳದು ಬಾಗಿಲ ಕೀಲು ಕಳಚಿದಂತೆ ಸಡಿಲ. ಅಮ್ಮನವರಿಗೆ ನಡೆಯಿರಿ ಎಂದೆ, ಗಿರಿಜಾಗೆ ಸ್ವಲ್ಪ ದಿನ ಇಳಿಜಾರು ಬಿಟ್ಟು ಕಣದ ಕೆಲಸ ಮಾಡು ಎಂದೆ. ಅಮ್ಮನವರು ನಕ್ಕರು. ಗಿರಿಜಾ ಅವರ ಮುಖ ನೋಡಿದಳು. ನನ್ನ ಮಾತು ಇಬ್ಬರೂ ಕೇಳಲಿಲ್ಲ. ಆದರೆ ಇಬ್ಬರೂ ಕರೆಂಟು ಕೊಡಿಸಿಕೊಂಡು ಸಂತೋಷದಿಂದ ಹೋದರು.

ಇಂಥ ಕತೆಗಳು ಬೇಕಾದಷ್ಟಿವೆ. ಆದರೆ ಹೊಸಬರಿಗೆ ಹೇಳಲೇಬೇಕಾದದ್ದು ಬಣಕಲ್ಲಿನ ಮೆಕ್ಯಾನಿಕ್ ಹಮೀದನ ಕಾಲಿನ ಕತೆ. ಅದರಲ್ಲಿ ನಾನು ಓದಿದ್ದೆಲ್ಲ ನಿಜವಾಯಿತು, ಮತ್ತು ಸೋತಿತು.

ಹಮೀದನ ಶೆಡ್ಡು ಬಣಕಲ್ಲಿನ ಹೆದ್ದಾರಿಯ ಬದಿಯಲ್ಲಿತ್ತು. ಘಟ್ಟ ಹತ್ತಿ ಬಂದು ಉಸ್ಸೆನ್ನುವ ಜೀಪುಗಳೆಲ್ಲ ಅವನ ಕೈಗೇ ಬರುತ್ತಿದ್ದವು. ಅವನ ಗೆಳೆಯ ಲೋಕೇಶ, ಹತ್ತಿರದ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ನೋಡಿಕೊಳ್ಳುವ ಕೆಲಸ. ಇಬ್ಬರೂ ಶಾಲೆಯಿಂದ ಜೊತೆಯವರು. ಎಸ್ಟೇಟಿನ ಜೀಪು ಕೆಟ್ಟರೂ ಕೆಡದಿದ್ದರೂ ಲೋಕೇಶ ಸಂಜೆ ಶೆಡ್ಡಿಗೆ ಬರುತ್ತಿದ್ದ. ಇಬ್ಬರೂ ಎದುರಿನ ಬೇಕರಿಯಲ್ಲಿ ಟೀ ಕುಡಿದು, ಒಬ್ಬರನ್ನೊಬ್ಬರು ಬೈದುಕೊಂಡು, ಮನೆಗೆ ಹೋಗುತ್ತಿದ್ದರು. ಭಾನುವಾರ ಬಣಕಲ್ ತಂಡದಲ್ಲಿ ಇಬ್ಬರೂ ವಾಲಿಬಾಲ್ ಆಡುತ್ತಿದ್ದರು. ನಲವತ್ತು ದಾಟಿದವರು. ವಾರವೆಲ್ಲ ಜೀಪಿನ ಕೆಳಗೆ ಮಲಗಿ, ಭಾನುವಾರ ಮಾತ್ರ ಚಿರತೆಯಂತೆ ನೆಗೆಯುವವರು. ಕಾಲಿನ ಹುರಿ ಹರಿಯಲು ಇದಕ್ಕಿಂತ ಒಳ್ಳೆಯ ಸಿದ್ಧತೆ ಬೇರೆ ಇಲ್ಲ.

ಆ ದಿನ ಸಂಸೆಯ ತಂಡದೊಂದಿಗೆ ಫೈನಲ್. ಹಮೀದ ಮುಂದೆ, ಬಲೆಯ ಹತ್ತಿರ. ಲೋಕೇಶ ಅವನ ಬೆನ್ನ ಹಿಂದೆ. ಲೋಕೇಶ ಒಂದು ಸುಲಭದ ಬಾಲು ಕೈಚೆಲ್ಲಿದ. ಹಮೀದ ಇಡೀ ಮೈದಾನಕ್ಕೆ ಕೇಳಿಸುವಂತೆ ಅವನಿಗೆ ಬೈದ. ಮುಂದಿನ ಬಾಲಿಗೆ ಹಮೀದ ಎಡಗಾಲೂರಿ ನೆಗೆಯಲು ಹೊರಟ. ಹಿಮ್ಮಡಿಯ ಮೇಲೆ ಯಾರೋ ಬೂಟುಗಾಲಲ್ಲಿ ಒದ್ದಂತಾಯಿತು. 'ಟಪ್' ಎಂದು ಸದ್ದೂ ಕೇಳಿತು. ಕುಸಿದು ಬಿದ್ದವನು ತಿರುಗಿ ನೋಡಿದರೆ ಹಿಂದೆ ಇದ್ದದ್ದು ಒಬ್ಬನೇ.

"ಯಾಕೋ ಒದ್ದೆ?"

"ನಾನೆಲ್ಲಿ ಒದ್ದೆ ಮಾರಾಯ? ನಾನು ಅಷ್ಟು ದೂರ ನಿಂತಿದ್ದೆ."

"ಬೈದೆ ಅಂತ ಒದೀತೀಯಾ?"

"ನಿನ್ನ ಮುಟ್ಟಿದ್ರೆ ಕೇಳು!"

ಬಣಕಲ್ ಸೋತಿತು. ಸೋಲಿಗೆ ಒಂದು ಕಾರಣ ಸಿಕ್ಕಿದ್ದು ಉಳಿದ ಆಟಗಾರರಿಗೆ ಸಮಾಧಾನವೇ ಆಯಿತು. ಒದ್ದದ್ದನ್ನು ನೋಡಿದೆವು ಎನ್ನುವವರು ದಿನದಿನಕ್ಕೆ ಹೆಚ್ಚಾದರು. ಅವರಲ್ಲಿ ಬಹಳ ವಿವರವಾಗಿ ವರ್ಣಿಸುತ್ತಿದ್ದ ಒಬ್ಬರು ಆ ದಿನ ಚಿಕ್ಕಮಗಳೂರಿನಲ್ಲಿ ಮದುವೆ ಊಟಕ್ಕೆ ಹೋಗಿದ್ದರು.

ಹಮೀದನನ್ನು ಆಸ್ಪತ್ರೆಗೆ ತಂದಾಗ ನೋಡಿದವರು ನಮ್ಮ ದೊಡ್ಡ ಡಾಕ್ಟರು. ಹಾವು ಕಚ್ಚಿದವರನ್ನು, ಕಷ್ಟದ ಹೆರಿಗೆಗಳನ್ನು ಉಳಿಸುವುದರಲ್ಲಿ ಅವರ ಕೈ ದೊಡ್ಡದು. ಅದರ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ. ಉಳಿದೆಲ್ಲ ಕಾಯಿಲೆಗೆ ಅವರ ಔಷಧ ಒಂದೇ, ರೆಸ್ಟು. ಎಕ್ಸ್‌ರೇ ತೆಗೆಸಿದರು. ಮೂಳೆ ನೆಟ್ಟಗಿತ್ತು. "ಪಾದ ಕೆಳಗೆ ಬಗ್ಗಿಸು ನೋಡೋಣ" ಎಂದರು. ಹಮೀದ ಹಲ್ಲು ಕಚ್ಚಿ ಬಗ್ಗಿಸಿದ. "ಬಗ್ಗುತ್ತಲ್ಲ, ಉಳುಕು" ಎಂದು ಪಟ್ಟಿ ಸುತ್ತಿಸಿ ಕಳಿಸಿದರು. ಹಿಮ್ಮಡಿಯ ದೊಡ್ಡ ಹುರಿ ಪೂರ್ತಿ ಹರಿದಿದ್ದರೂ ಪಕ್ಕದ ಸಣ್ಣ ಹುರಿಗಳು ಪಾದವನ್ನು ಅಷ್ಟಿಷ್ಟು ಬಗ್ಗಿಸುತ್ತವೆ. ಮೋಸ ಹೋಗಲು ಅಷ್ಟು ಸಾಕು. ಹೊಸಬರು ಇದನ್ನು ನೆನಪಿಡಬೇಕು.

ಒಂದು ತಿಂಗಳು ಕಳೆದ ಮೇಲೆ ಹಮೀದನ ಹೆಂಡತಿ ಸಾಜಿದಾ ಅವನನ್ನು ನನ್ನ ಕೋಣೆಗೆ ಎಳೆದು ತಂದಳು.

"ಕರೆಂಟು ಕೊಡಿ ಮೇಡಂ" ಎಂದ ಹಮೀದ.

"ಕರೆಂಟಲ್ಲ ಮೇಡಂ, ಇವ್ರ ನಡಿಗೆ ನೋಡಿ" ಎಂದಳು ಸಾಜಿದಾ. "ಕಾಲನ್ನ ಚಪ್ಪಲಿ ಎಳ್ದಂಗೆ ಎಳೀತಾರೆ. ಮೆಟ್ಲು ಹತ್ತಕ್ಕಾಗಲ್ಲ. ಕೇಳಿದ್ರೆ ಲೋಕೇಶಣ್ಣಂಗೆ ಬೈತಾರೆ."

ಅವನನ್ನು ಬೋರಲು ಮಲಗಿಸಿ, ಪಾದ ಮಂಚದಿಂದ ಹೊರಗೆ ಇಳಿಬಿಟ್ಟು, ಮೊದಲು ಬಲಗಾಲಿನ ಮೀನಖಂಡ ಹಿಸುಕಿದೆ. ಪಾದ ಟಪಕ್ಕನೆ ಬಗ್ಗಿತು. ಎಡಗಾಲಿನದು ಹಿಸುಕಿದೆ. ಪಾದ ಅಲುಗಲಿಲ್ಲ. ಇನ್ನೊಮ್ಮೆ ಹಿಸುಕಿದೆ. ಸಾಜಿದಾ ನೋಡುತ್ತಿದ್ದವಳು ಮೆಲ್ಲಗೆ, "ತಂತಿ ಕಿತ್ತೋಗಿದ್ಯಾ ಮೇಡಂ?" ಎಂದಳು. ಬ್ರೇಕಿನ ತಂತಿ ಕಿತ್ತುಹೋದದ್ದನ್ನು ದಿನವೂ ನೋಡುವ ಮನೆಯವಳು.

ಡಾಕ್ಟರ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ಬಂದರು, ತಾವೇ ಹಿಸುಕಿ ನೋಡಿದರು. ಆಮೇಲೆ, "ಅದಕ್ಕೇ ನಾನು ಆವತ್ತೇ ರೆಸ್ಟ್ ಹೇಳಿದ್ದು" ಎಂದರು. ಮಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ಶಸ್ತ್ರಚಿಕಿತ್ಸೆಯಾಗಿ, ತುದಿಗಾಲಲ್ಲಿ ನಿಂತವನಂತೆ ಪಾದ ಕೆಳಗೆ ಬಾಗಿಸಿ ಹಾಕಿದ ಕಟ್ಟಿನೊಂದಿಗೆ ಹಮೀದ ವಾಪಸು ಬಂದ.

ಆ ಹೊತ್ತಿಗೆ ಜಗಳ ಬೆಳೆದಿತ್ತು. ಹಮೀದ ಎಸ್ಟೇಟಿನ ಜೀಪನ್ನು ಶೆಡ್ಡಿಗೆ ಸೇರಿಸಬೇಡಿ ಎಂದು ಕೆಲಸದವರಿಗೆ ಹೇಳಿದ್ದ. ಲೋಕೇಶ ಪ್ರತಿ ರಿಪೇರಿಗೂ ಜೀಪನ್ನು ಚಿಕ್ಕಮಗಳೂರಿನವರೆಗೆ ತಳ್ಳಿಸಿಕೊಂಡು ಹೋಗಿ ಯಜಮಾನರಿಂದ ಬೈಸಿಕೊಳ್ಳುತ್ತಿದ್ದ. ಜಗಳಕ್ಕೆ ಬೇರೆ ಬಣ್ಣ ಬಳಿಯಲು ಎರಡೂ ಕಡೆ ಒಂದಿಬ್ಬರು ಬಂದು ಹೋದರು. ಲೋಕೇಶನ ಮನೆಗೆ ಬಂದವರು, ಆ ಜನವೇ ಹಾಗೆ ಎಂದರು. ಹಮೀದನ ಶೆಡ್ಡಿಗೆ ಬಂದವರೂ ಅದೇ ಮಾತನ್ನು ಅದೇ ಧಾಟಿಯಲ್ಲಿ ಹೇಳಿದರು. ಲೋಕೇಶ ಬಂದವರಿಗೆ ಕಾಫಿಯನ್ನೂ ಕೊಡದೆ ಕಳಿಸಿದ. ಹಮೀದ, "ನನ್ನ ಒದ್ದಿದ್ದು ಲೋಕೇಶ. ಅವ್ನ ಹತ್ರ ನಾನು ಕೇಳ್ಕೊಳ್ತೀನಿ. ನಿಮಗೆ ಬೇಕಾದ್ರೆ ನೀವು ಬೇರೆ ಯಾರತ್ರಾದ್ರೂ ಒದೆಸ್ಕೊಳ್ಳಿ" ಎಂದ. ಈ ಒಂದು ವಿಷಯದಲ್ಲಿ ಇಬ್ಬರದೂ ಒಂದೇ ಅಭಿಪ್ರಾಯವಾಗಿತ್ತು. ಆದರೆ ಅದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವಂತಿರಲಿಲ್ಲ.

ಕಟ್ಟು ಬಿಚ್ಚಿದ ಮೇಲೆ ಹಮೀದ ನನ್ನ ಪಾಲಿಗೆ ಬಂದ. ವಾರಕ್ಕೆ ಎರಡು ಸಲ ಸಾಜಿದಾ ಅವನನ್ನು ಬಸ್ಸಿನಲ್ಲಿ ಕರೆತರುತ್ತಿದ್ದಳು. ಎಡಗಾಲಿನ ಮೀನಖಂಡ ಒಣಗಿದ ಹೀರೇಕಾಯಿಯಂತಾಗಿತ್ತು. ಅವನ ಮೊದಲ ಪ್ರಶ್ನೆ, "ಹೊಸ ಪಾರ್ಟ್ ಹಾಕಿದಾರೋ, ಹಳೇದಕ್ಕೇ ವೆಲ್ಡಿಂಗ್ ಮಾಡಿದಾರೋ?"

"ಹೊಲಿದಿದಾರೆ. ಹೊಲಿಗೆ ಬರೀ ಹಿಡ್ಕೊಳ್ಳೋಕೆ. ಬೆಸುಗೆ ಹಾಕೋದು ನಿಮ್ಮ ಮೈಯೇ."

"ಎಷ್ಟು ದಿನ ಬೇಕು?"

"ವರ್ಷ ಹಿಡಿಯುತ್ತೆ."

"ವರ್ಷಾನಾ? ನಾನು ಇಂಜಿನ್ ಇಳಿಸಿ ಹತ್ತಿಸೋಕೆ ವಾರ ತಗೊಂಡ್ರೆ ಜನ ಶೆಡ್ಡು ಸುಡ್ತಾರೆ!"

ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಹರಿದ ಜಾಗಕ್ಕೆ ಮೊದಲು ರಕ್ತ ನುಗ್ಗುತ್ತದೆ, ಬಾವು ಬರುತ್ತದೆ, ಮೈ ಅಲ್ಲಿನ ಕಸ ಬಳಿಯುತ್ತದೆ. ಆಮೇಲೆ ಕೆಲವು ವಾರ ಸಿಕ್ಕಸಿಕ್ಕ ದಿಕ್ಕಿಗೆ ನಾರು ನೇಯುತ್ತದೆ. ಗುಬ್ಬಿಗೂಡಿನ ಹಾಗೆ, ಅಂದಚಂದವಿಲ್ಲ, ಗಟ್ಟಿಯೂ ಇಲ್ಲ. ಆ ಮೇಲಿನ ತಿಂಗಳುಗಳಲ್ಲಿ ಆ ನಾರುಗಳು ಎಳೆತ ಬೀಳುವ ದಿಕ್ಕಿಗೆ ಸಾಲಾಗಿ ಜೋಡಿಸಿಕೊಂಡು ಬಲಿಯುತ್ತವೆ. ಎಳೆತವೇ ಇಲ್ಲದಿದ್ದರೆ ಅವಕ್ಕೆ ದಿಕ್ಕೇ ತಿಳಿಯುವುದಿಲ್ಲ. ಎಳೆತ ಹೆಚ್ಚಾದರೆ ಕಿತ್ತುಬರುತ್ತವೆ. ಇವೆರಡರ ನಡುವೆ ದಾರಿ ತೋರಿಸುವುದೇ ನಮ್ಮ ವೃತ್ತಿ. ಎಲ್ಲ ಸರಿಹೋದರೂ ಆ ಜಾಗ ಹುಟ್ಟಿದಾಗಿನ ಹುರಿಯಾಗುವುದಿಲ್ಲ, ತೇಪೆ ತೇಪೆಯೇ. ಆದರೆ ಒಳ್ಳೆಯ ತೇಪೆ ಆಯುಷ್ಯವಿಡೀ ನಡೆಸುತ್ತದೆ.

ಹಮೀದ ಕೇಳಿಸಿಕೊಂಡು, "ಹಂಗಾದ್ರೆ ಬೋರು ಮಾಡ್ಸಿ ಹೊಸ ಪಿಸ್ಟನ್ ಹಾಕಿದ ಇಂಜಿನ್ ಇದ್ದಂಗೆ" ಎಂದ. "ಮೊದಲು ಜೋರಾಗಿ ಓಡಿಸಿದ್ರೆ ಹಿಡ್ಕೊಳ್ತದೆ. ಓಡಿಸ್ದೆ ಶೆಡ್ಡಲ್ಲಿ ನಿಲ್ಸಿದ್ರೂ ಕೆಟ್ಟೋಗ್ತದೆ. ನಿಧಾನಕ್ಕೆ ರನ್ನಿಂಗ್ ಕೊಡ್ಬೇಕು."

ಇಷ್ಟು ಬೇಗ ಅರ್ಥ ಮಾಡಿಕೊಂಡ ರೋಗಿ ನನಗೆ ಸಿಕ್ಕಿರಲಿಲ್ಲ. ಹಿಮ್ಮಡಿಯ ಕೆಳಗೆ ಎತ್ತರದ ತುಂಡು ಇಟ್ಟುಕೊಂಡು ನಡೆಯಬೇಕು, ದಿನ ಕಳೆದಂತೆ ಒಂದೊಂದೇ ಪದರ ತೆಗೆಯುತ್ತಾ ಹೋಗಬೇಕು ಎಂದೆ. ನಮ್ಮಲ್ಲಿ ಅಂಥ ತುಂಡು ಇರಲಿಲ್ಲ. ತರಿಸಲು ಬರೆದಿದ್ದೆ. ಉತ್ತರವಾಗಿ ಇನ್ನಷ್ಟು ಸೊಳ್ಳೆಪರದೆ ಬಂದಿದ್ದವು. ಹಮೀದ ಹಳೆಯ ಟೈರು ಕೊಯ್ದು, ಪದರ ಪದರವಾಗಿ ತಾನೇ ಮಾಡಿಕೊಂಡ. ನಡೆದರೆ ಆಸ್ಪತ್ರೆಯ ನೆಲದ ಮೇಲೆ ಕಪ್ಪು ಗೆರೆ ಬೀಳುತ್ತಿತ್ತು. ನೆಲ ಒರೆಸುವ ರತ್ನಮ್ಮ ಅವನನ್ನು ಕಂಡರೆ ಸಾಕು, "ಬಂತು ನೋಡಿ ಲಾರಿ" ಎನ್ನುತ್ತಿದ್ದಳು.

ಹುರಿ ಬಲಿಯಿತು. ಮೀನಖಂಡ ತುಂಬಿಕೊಂಡಿತು. ಟೈರಿನ ಪದರಗಳೆಲ್ಲ ಹೋದವು. ಅಡ್ಡಗಂಬಿ ಹಿಡಿದು ಎರಡೂ ಕಾಲಲ್ಲಿ ತುದಿಬೆರಳ ಮೇಲೆ ಏಳುತ್ತಿದ್ದ. ಉಳಿದದ್ದು ಒಂದೇ, ಎಡಗಾಲೊಂದರ ಮೇಲೆ ಏಳುವುದು. ಅಲ್ಲಿ ಅವನು ನಿಂತುಬಿಟ್ಟ. ವಾರಗಳು ಹೋದವು, ತಿಂಗಳು ಹೋಯಿತು, ಒಂದು ಕೂದಲೆಳೆಯಷ್ಟೂ ಮುಂದೆ ಹೋಗಲಿಲ್ಲ. ಮಲಗಿಸಿ ನನ್ನ ಅಂಗೈಯನ್ನು ಪಾದದಿಂದ ತಳ್ಳಿಸಿದರೆ ನನ್ನನ್ನೇ ಹಿಂದಕ್ಕೆ ದೂಡುವಷ್ಟು ಬಲ. ನಿಂತರೆ ಬಲವೆಲ್ಲ ಮಾಯ. ಶೆಡ್ಡಿಗೆ ಹೋದರೂ ಸ್ಟೂಲಿನ ಮೇಲೆ ಕೂತು ಕೆಲಸದವರಿಗೆ ಹೇಳಿಕೊಡುವುದಷ್ಟೆ. ಜೀಪು ಓಡಿಸಿ ನೋಡಲು ಒಪ್ಪುತ್ತಿರಲಿಲ್ಲ. ಕ್ಲಚ್ಚು ಒತ್ತಲು ಭಯ. ಮೆಕ್ಯಾನಿಕ್ಕೇ ಓಡಿಸಿ ನೋಡದ ಗಾಡಿಯನ್ನು ಜನ ಎಷ್ಟು ದಿನ ತರುತ್ತಾರೆ? ಗಿರಾಕಿಗಳು ಮೆಲ್ಲಗೆ ಚಿಕ್ಕಮಗಳೂರಿನ ಕಡೆಗೆ ತಿರುಗುತ್ತಿದ್ದರು.

ಕಾರಣ ಕಂಡುಹಿಡಿದವಳು ಸಾಜಿದಾ. "ಮೇಡಂ, ನೀವು ಗಮನಿಸಿದೀರಾ? ಇವ್ರು ಯಾವಾಗ್ಲೂ ಗೋಡೆಗೆ ಬೆನ್ನು ಹಾಕಿ ನಿಂತ್ಕೋತಾರೆ. ಮನೇಲೂ ಹಂಗೇ. ಬಸ್ಸಲ್ಲಿ ಹಿಂದಿನ ಸೀಟೇ ಬೇಕು. ಹಿಂದೆ ಯಾರಾದ್ರೂ ಬಂದ್ರೆ ಕಾಲು ಎತ್ತಿಬಿಡ್ತಾರೆ."

ನಿಜವಾಗಿತ್ತು. ನಾನು ಇಷ್ಟು ತಿಂಗಳೂ ಅವನ ಕಾಲು ನೋಡುತ್ತಿದ್ದೆ, ಅವನು ಎಲ್ಲಿ ನಿಲ್ಲುತ್ತಾನೆ ಎಂದು ನೋಡಿರಲಿಲ್ಲ. ಅವನ ಮೈ ಇನ್ನೂ ಹಿಂದಿನಿಂದ ಬರುವ ಒದೆಗೆ ಕಾಯುತ್ತಿತ್ತು. ಪರಿಹಾರ ಸುಲಭ ಅಂದುಕೊಂಡೆ. ಯಾರೂ ಒದ್ದಿಲ್ಲ ಎಂದು ತಿಳಿಸಿ ಹೇಳಿದರಾಯಿತು. ಈ ಹುರಿ ಹರಿದವರಿಗೆಲ್ಲ ಹಿಂದಿನಿಂದ ಯಾರೋ ಒದ್ದಂತೆಯೇ ಆಗುತ್ತದೆ. ತಿರುಗಿ ನೋಡಿ ಪಕ್ಕದವರಿಗೆ ಬೈದವರು ಎಲ್ಲ ದೇಶದಲ್ಲೂ ಇದ್ದಾರೆ. ನನ್ನ ಪುಸ್ತಕದಲ್ಲಿ ಅದು ರೋಗಲಕ್ಷಣವೆಂದೇ ಬರೆದಿದೆ. ಹಮೀದನಿಗೆ ಹೇಳಿದೆ. ಅವನು ಬಹಳ ವಿನಯದಿಂದ ಕೇಳಿಸಿಕೊಂಡ.

"ಇರಬಹುದು ಮೇಡಂ. ಅವರಿಗೆಲ್ಲ ಯಾರೂ ಒದ್ದಿರ್ಲಿಕ್ಕಿಲ್ಲ. ನಂಗೆ ಲೋಕೇಶ ಒದ್ದ."

ಪುಸ್ತಕ ತಂದು ಚಿತ್ರ ತೋರಿಸಿದೆ. ಚಿತ್ರದಲ್ಲಿದ್ದ ಮನುಷ್ಯನ ಹಿಂದೆ ಯಾರೂ ಇರಲಿಲ್ಲ. "ನೋಡಿ, ಇವ್ನ ಹಿಂದೆ ಯಾರಿಲ್ಲ. ನನ್ನ ಹಿಂದೆ ಇದ್ದ" ಎಂದ.

ಕೊನೆಗೆ ನಾನೇ ಲೋಕೇಶನಿಗೆ ಫೋನ್ ಮಾಡಿದೆ. ಇಬ್ಬರನ್ನೂ ಎದುರಿಗೆ ಕೂರಿಸಿ, ಒಂದೇ ಸಲ ಶಾಸ್ತ್ರೋಕ್ತವಾಗಿ ವಿವರಿಸಿ, ವಿಜ್ಞಾನದಿಂದ ಜಗಳ ಬಿಡಿಸುವುದು ನನ್ನ ಯೋಜನೆ. ಲೋಕೇಶ, "ಅವ್ನ ಕಾಲು ಈಗ ಹೇಗಿದೆ ಮೇಡಂ?" ಎಂದ. ಹೇಳಿದೆ. "ಬರ್ತೀನಿ" ಎಂದ.

ಬುಧವಾರ ಅವನು ಎಸ್ಟೇಟಿನ ಜೀಪಿನಲ್ಲೇ ಬಂದ. ಕೋಣೆಯೊಳಗೆ ಕಾಲಿಟ್ಟಾಗ ಹಮೀದ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಸಾಜಿದಾ ಮಾತ್ರ, "ಬನ್ನಿ ಅಣ್ಣ" ಎಂದು ಸ್ಟೂಲು ಸರಿಸಿದಳು.

ನಾನು ಶುರುಮಾಡಿದೆ. ನಲವತ್ತರ ಮೇಲೆ ಹುರಿಗೆ ರಕ್ತ ಹೇಗೆ ಕಡಿಮೆಯಾಗುತ್ತದೆ, ಒಮ್ಮೆಲೇ ನೆಗೆದರೆ ಯಾಕೆ ಹರಿಯುತ್ತದೆ, ಹರಿದಾಗ ಮಿದುಳಿಗೆ ಒದೆಯಂತೆ ಯಾಕೆ ಅನ್ನಿಸುತ್ತದೆ, ಎಲ್ಲ ಹೇಳಿದೆ. ಗೋಡೆಗೆ ಅಂದು ತೂಗುಹಾಕಿದ್ದ ಕಾಲಿನ ಚಾರ್ಟಿನ ಮೇಲೆ ಕೋಲಿಟ್ಟು ತೋರಿಸಿದೆ. ಅಷ್ಟು ಚೆನ್ನಾಗಿ ನಾನು ಯಾವ ರೋಗಿಗೂ ವಿವರಿಸಿರಲಿಲ್ಲ. ಮುಗಿಸಿ, "ಹಾಗಾಗಿ ಆ ದಿನ ಯಾರೂ ಒದೆಯಲಿಲ್ಲ. ಅಲ್ವಾ ಲೋಕೇಶ್?" ಎಂದೆ.

ಲೋಕೇಶ ನೆಲ ನೋಡುತ್ತಿದ್ದ. ತಲೆಯೆತ್ತಿ ಹಮೀದನ ಕಡೆ ನೋಡಿದ. ಗೋಡೆಗೆ ಅಂಟಿಕೊಂಡ ಅವನ ಬೆನ್ನು ನೋಡಿದ.

"ಒದ್ದೆ" ಎಂದ.

ನನ್ನ ಕೈಯಲ್ಲಿದ್ದ ಕೋಲು ಚಾರ್ಟಿನ ಮೇಲೇ ನಿಂತಿತು. "ಏನ್ರೀ ಹೇಳ್ತಿದೀರಿ?" ಎಂದೆ. ಅವನು ನನ್ನ ಕಡೆ ತಿರುಗಲಿಲ್ಲ.

"ಹೌದು ಮಾರಾಯ. ನಾನೇ ಒದ್ದದ್ದು. ಎಲ್ರೆದ್ರು ಬೈದ್ಯಲ್ಲ, ತಲೆ ಕೆಡ್ತು."

ಹಮೀದ ಲೋಕೇಶನ ಕಾಲುಗಳ ಕಡೆ ನೋಡಿದ. ಆಮೇಲೆ ಮೆಕ್ಯಾನಿಕ್ ಸದ್ದು ಕೇಳಿ ದೋಷ ಹುಡುಕುವಾಗಿನ ದನಿಯಲ್ಲಿ ಕೇಳಿದ:

"ಯಾವ ಕಾಲಲ್ಲಿ?"

ಲೋಕೇಶ ಒಂದು ಕ್ಷಣ ತಡವರಿಸಿದ. "ಬಲಗಾಲಲ್ಲಿ."

"ಹಾಂ" ಎಂದ ಹಮೀದ. "ನಂಗೂ ಬಲಗಾಲೇ ಅನ್ಸಿತ್ತು."

"ತಪ್ಪಾಯ್ತು ಮಾರಾಯ."

"ಆವತ್ತೇ ಹೇಳಿದ್ರೆ ಏನಾಗ್ತಿತ್ತು ನಿಂಗೆ?"

"ಏನೂ ಆಗ್ತಿರ್ಲಿಲ್ಲ."

"ಅಲ್ವಾ? ನಾನೂ ಎರಡು ಕೊಡ್ತಿದ್ದೆ, ಮುಗೀತಿತ್ತು." ಹಮೀದ ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡಿದ. "ನಾನೇ ಹುಚ್ಚನೇನೋ ಅಂತ ಆಗಿತ್ತು ಮಾರಾಯ ಇಷ್ಟು ದಿನ. ಎಲ್ರೂ ಒದ್ದಿಲ್ಲ ಒದ್ದಿಲ್ಲ ಅಂತಾರೆ. ಈ ಮೇಡಂ ಪುಸ್ತಕನೇ ತೋರಿಸ್ತಾರೆ."

ಸಾಜಿದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ.

ಹಮೀದ ಗೋಡೆ ಬಿಟ್ಟ. ಕೋಣೆಯ ನಡುವೆ ಬಂದು ನಿಂತ. "ಬಾ, ನನ್ನ ಹಿಂದೆ ನಿಂತ್ಕೋ. ಒದಿಬೇಡ" ಎಂದ. ಲೋಕೇಶ ಹೋಗಿ ಹಿಂದೆ ನಿಂತ. ಹಮೀದ ಬಲಗಾಲು ಎತ್ತಿದ. ಎಡಗಾಲು ನಡುಗಿತು, ಮೀನಖಂಡ ಗಂಟುಗಟ್ಟಿತು, ಹಿಮ್ಮಡಿ ನೆಲ ಬಿಟ್ಟಿತು. ಮೊದಲು ಬೆರಳಷ್ಟು. ಇಳಿಸಿದ. ಮತ್ತೆ ಏರಿದ, ಈ ಸಲ ಪೂರ್ತಿ. ಅಡ್ಡಗಂಬಿ ಹಿಡಿಯಲಿಲ್ಲ. ತುದಿಬೆರಳ ಮೇಲೆ ನಿಂತು ಕೆಳಗೆ ತನ್ನ ಕಾಲನ್ನೇ ನೋಡಿದ, ಬೇರೆ ಯಾರದೋ ಗಾಡಿಯನ್ನು ನೋಡುವಂತೆ.

"ಮೇಡಂ, ನೋಡಿ" ಎಂದ.

ನೋಡುತ್ತಿದ್ದೆ. ಅದಕ್ಕಾಗಿಯೇ ನಾನು ತಿಂಗಳುಗಟ್ಟಲೆ ಕಾದಿದ್ದೆ. ಅದು ಬಂದದ್ದು ನನ್ನ ವಿವರಣೆಯನ್ನು ಪೂರ್ತಿ ತಲೆಕೆಳಗು ಮಾಡಿ. ಬಾಯಿ ತೆರೆದರೆ ಸತ್ಯ ಹೇಳಿಬಿಡುತ್ತೇನೆಂದು ಚಾರ್ಟು ಸುತ್ತುತ್ತಾ ಕೂತೆ.

ಹೊರಡುವಾಗ ಹಮೀದ ನನ್ನ ಮೇಜಿನ ಹತ್ತಿರ ನಿಂತ. ಪಾಪ, ನನ್ನ ಮುಖ ಕಂಡು ಅವನಿಗೆ ಕನಿಕರವಾಗಿತ್ತು.

"ನೀವು ಬೇಜಾರು ಮಾಡ್ಕೋಬೇಡಿ ಮೇಡಂ. ಕಾಲು ಸರಿ ಮಾಡಿದ್ದು ನೀವೇ. ಪುಸ್ತಕ ಬರ್ದೋರಿಗೆ ಬಣಕಲ್ಲಲ್ಲಿ ಏನಾಯ್ತು ಅಂತ ಹೇಗೆ ಗೊತ್ತಿರುತ್ತೆ?"

ಹಮೀದ, ಸಾಜಿದಾ ಮುಂದೆ ಹೋದರು. ಲೋಕೇಶನನ್ನು ಕಾರಿಡಾರಿನಲ್ಲಿ ತಡೆದೆ. ನನಗೆ ಸಿಟ್ಟೂ ಬಂದಿತ್ತು.

"ನೀವು ಒದ್ದಿಲ್ಲ. ನಂಗೆ ಗೊತ್ತು, ನಿಮಗೂ ಗೊತ್ತು. ಯಾಕ್ರೀ ಹಾಗೆ ಹೇಳಿದ್ರಿ? ನಾಳೆ ಇಡೀ ಬಣಕಲ್ ನಿಮ್ಮನ್ನ ಒದ್ದೋನು ಅನ್ನುತ್ತೆ."

"ಈಗ್ಲೂ ಅಂತಾರೆ ಮೇಡಂ." ಅವನು ಚಪ್ಪಲಿ ಹಾಕಿಕೊಳ್ಳುತ್ತಿದ್ದ. "ಒದ್ದಿದ್ದಕ್ಕೆ ಅವ್ನಿಗೆ ಸಿಟ್ಟಿರ್ಲಿಲ್ಲ. ಶಾಲೇಲಿ ನಾವು ಎಷ್ಟು ಹೊಡೆದಾಡಿಲ್ಲ? ಒದ್ದು ಇಲ್ಲ ಅಂತಾನಲ್ಲ, ನನ್ನ ಹತ್ರ ಸುಳ್ಳು ಹೇಳ್ತಾನಲ್ಲ ಅಂತ ಸಿಟ್ಟು. ನಾನು ನಿಜ ಹೇಳಿದಷ್ಟೂ ಅವ್ನಿಗೆ ಸುಳ್ಳುಗಾರ ಆದೆ. ಇವತ್ತು ಅವ್ನು ಗೋಡೆ ಹಿಡ್ಕೊಂಡು ನಿಂತಿದ್ದು ನೋಡಿದ್ರಲ್ಲ. ನಂಗೆ ನೋಡೋಕಾಗ್ಲಿಲ್ಲ." ಇನ್ನೊಂದು ಚಪ್ಪಲಿಗೆ ಕಾಲು ತೂರಿಸುತ್ತಾ ಸೇರಿಸಿದ: "ಮತ್ತೆ ಜೀಪನ್ನ ಎಷ್ಟು ದಿನ ಅಂತ ಚಿಕ್ಕಮಗಳೂರಿಗೆ ತಳ್ಳೋದು ಮೇಡಂ? ನಮ್ಮ ಧಣಿಗಳ ಬಾಯಿ ನಿಮಗೆ ಗೊತ್ತಲ್ಲ."

ಈ ವಿಷಯ ಹಮೀದನಿಗೆ ಹೇಳಬೇಡಿ ಎಂದು ಲೋಕೇಶ ಕೇಳಿಕೊಳ್ಳಲಿಲ್ಲ. ಹೇಳಿದರೂ ಹಮೀದ ನಂಬುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಈಗಂತೂ ಒದ್ದವನೇ ಒಪ್ಪಿಕೊಂಡಾಗಿದೆ.

ಅಂಗಳದಲ್ಲಿ ಹಾರನ್ ಸದ್ದಾಯಿತು. ನೋಡಿದರೆ ಎಸ್ಟೇಟಿನ ಜೀಪಿನ ಡ್ರೈವರ್ ಸೀಟಿನಲ್ಲಿ ಹಮೀದ ಕೂತಿದ್ದ. ಸಾಜಿದಾ ಹಿಂದೆ ಹತ್ತಿ ಎರಡೂ ಕೈಯಲ್ಲಿ ಕಂಬಿ ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಏನ್ ಮಾಡಿಟ್ಟಿದೀಯೋ ಇದನ್ನ? ಚಿಕ್ಕಮಗಳೂರಿನೋರು ಸ್ಪ್ಯಾನರ್ ಹಿಡ್ದಿದಾರೋ ಸೌಟು ಹಿಡ್ದಿದಾರೋ?" ಎಂದು ಹಮೀದ ಕೂಗಿದ. "ಬಾರೋ ಒದ್ದೋನೇ, ಟೀಗೆ ಹೊತ್ತಾಯ್ತು."

"ಬಂದೆ ಬಂದೆ" ಎಂದು ಲೋಕೇಶ ಓಡಿದ.

ಹಮೀದನ ಎ‌ಡಗಾಲು ಕ್ಲಚ್ಚಿನ ಮೇಲೆ ಇಳಿದದ್ದು ನನಗೆ ನಿಂತಲ್ಲಿಂದಲೇ ಕಾಣಿಸಿತು. ಗೇರು ಬಿತ್ತು. ಜೀಪು ಜಗ್ಗದೆ, ಕುಲುಕದೆ, ಮೆಲ್ಲಗೆ ಗೇಟು ದಾಟಿ ಬಣಕಲ್ಲಿನ ಕಡೆಗೆ ತಿರುಗಿತು.